ಆ ಹೆಸರಿನವರೆಲ್ಲ

"ಕೈ ಅಡ್ಡ ಹಿಡಿಯೇ, ಕಣ್ಣಿಗೆ ನೀರು ಹೋಯ್ತದೆ" ಎಂದು ನಾಗರತ್ನಮ್ಮ ಗದರಿದಾಗ ರಚನಾ ಮಗುವಿನ ಹುಬ್ಬಿನ ಮೇಲೆ ಅಂಗೈ ಹಿಡಿದಳು. ಮಗಳ ಬಾಣಂತನಕ್ಕೆಂದು ಮಂಡ್ಯದಿಂದ ಬಂದಿದ್ದ ನಾಗರತ್ನಮ್ಮ ವಿಮಾನ ನಿಲ್ದಾಣದ ಹತ್ತಿರದ ಪಲ್ಲಾವರಂನ ಈ ಮನೆಯ ಹಿತ್ತಲಲ್ಲಿ, ಒಗೆಯುವ ಕಲ್ಲಿನ ಪಕ್ಕ ಮಣೆ ಹಾಕಿ ಕೂತು, ಚಾಚಿದ ಕಾಲುಗಳ ಮೇಲೆ ಮೊಮ್ಮಗನನ್ನು ಮಲಗಿಸಿಕೊಂಡು ಎರೆಯುತ್ತಿದ್ದರು. ಹೊಟ್ಟೆ ಕಾಣುವಷ್ಟು ಕೆಳಗೆ ಒಂದು ವಿಮಾನ ಹಾದುಹೋಯಿತು. ಮಗು ಬೆಚ್ಚಿ ಎರಡೂ ಕೈ ಅಗಲಿಸಿತು.

"ಇದೇನ್ ಊರೋ ತಾಯಿ! ಮಗೂಗೆ ಜೋಗುಳ ಹಾಡಾಕೂ ಏರೋಪ್ಲೇನೇ ಬರಬೇಕು."

ಹಿತ್ತಲ ಬಾಗಿಲಲ್ಲಿ ಅತ್ತೆ ಲೂರ್ದಮ್ಮಾಳ್ ನಿಂತಿದ್ದರು. "ನೀರು ಸಾಕಾ ಸಂಬಂಧಿಯಮ್ಮಾ? ಇನ್ನೊಂದು ಪಾತ್ರೆ ಇಟ್ಟಿದೀನಿ" ಎಂದು ಬೀಗಿತ್ತಿಗೆ ಹೇಳಿದರು. ಆಮೇಲೆ ಸೊಸೆಯ ಕಡೆ ತಿರುಗಿ ದನಿ ಇಳಿಸಿದರು. "ಫಾದರ್ ಫೋನ್ ಮಾಡಿದ್ರು ಮ್ಮಾ. ಭಾನುವಾರ ಜ್ಞಾನಸ್ನಾನಕ್ಕೆ ಹೆಸ್ರು ಹೇಳ್ಬೇಕಂತೆ."

ರಚನಾ ಮಗುವಿನ ಕಿವಿಯ ಹಿಂದೆ ನಿಂತಿದ್ದ ಸೋಪಿನ ನೊರೆಯನ್ನು ಬೆರಳಿನಿಂದ ತೆಗೆದಳು. ಲೂರ್ದಮ್ಮಾಳ್ ಒಳಗೆ ಹೋದರು.

ಲೂರ್ದಮ್ಮಾಳ್ ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಸಾಲುಮನೆಯೊಂದರಲ್ಲಿ. ಮದುವೆಯಾಗಿ ಪಲ್ಲಾವರಂಗೆ ಬಂದು, ಇಲ್ಲಿಯ ಚರ್ಮದ ಕಾರ್ಖಾನೆಯಲ್ಲಿ ತೊಗಲು ವಿಂಗಡಿಸುತ್ತ ವಯಸ್ಸು ಕಳೆದಿದ್ದರು. ಚಿಕ್ಕಂದಿನ ಕನ್ನಡ ಅವರ ಬಾಯಲ್ಲಿ ತಮಿಳಿನ ಜೊತೆ ಬೆರೆತು ಉಳಿದಿತ್ತು. ಈ ಮನೆಯಲ್ಲಿ ಅದು ಅತ್ತೆ ಸೊಸೆಯರ ಗುಟ್ಟಿನ ಭಾಷೆ. ಗಂಡ ಜೇಮ್ಸ್‌ಗೆ ಎರಡು ಮೂರು ಕನ್ನಡ ಮಾತಿಗಿಂತ ಹೆಚ್ಚು ಬರುತ್ತಿರಲಿಲ್ಲ. ಮಾವ ಯಾಗಪ್ಪನ್‌ಗೆ ಅಷ್ಟೂ ಬರುತ್ತಿರಲಿಲ್ಲ. ಈಗಂತೂ ಪಾರ್ಶ್ವವಾಯು ಹೊಡೆದು ಯಾವ ಮಾತೂ ಇಲ್ಲದೆ ಮುಂದಿನ ಕೋಣೆಯ ಮಂಚದ ಮೇಲೆ ಮಲಗಿದ್ದರು. ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದಿದ್ದರು. ಹಾಗೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಈ ಭಾನುವಾರದ ಅವಸರ.

ಹೆಸರು ಗೊತ್ತಿಲ್ಲದ್ದೇನಲ್ಲ. ಈ ಮನೆಯಲ್ಲಿ ಹಿರಿಯ ಮಗನ ಹಿರಿಯ ಮಗನಿಗೆ ತಾತನ ಹೆಸರು. ಯಾಗಪ್ಪನ್ ಅವರ ಹೆಸರಿನ ಈ ಕಾಲದ ರೂಪ ಜೇಕಬ್. ಆದರೆ ಆ ಹೆಸರನ್ನು ಒಮ್ಮೆ ಇಟ್ಟಾಗಿತ್ತು.

ಮದುವೆಗೆ ಮುಂಚೆ ಆ ಹೆಸರಿನ ವಿಷಯ ಒಂದು ತಮಾಷೆಯಾಗಿತ್ತು. ಆಗ ರಚನಾ ವೆಸ್ಟ್ ಮಾಂಬಲಂನಲ್ಲಿ ಬಾಡಿಗೆಗಿದ್ದು ಗಿಂಡಿಯ ಆಡಿಟ್ ಕಚೇರಿಗೆ ರೈಲಿನಲ್ಲಿ ಹೋಗಿ ಬರುತ್ತಿದ್ದಳು. ಕಚೇರಿಯ ಲಿಫ್ಟ್ ಕೆಟ್ಟಾಗಲೆಲ್ಲ ರಿಪೇರಿಗೆ ಬರುತ್ತಿದ್ದವನು ಜೇಮ್ಸ್. ಸಂಜೆ ಇಬ್ಬರೂ ಸ್ಟೇಷನ್ ಹತ್ತಿರ ಉಡುಪಿ ಕಡೆಯ ಮೋನಪ್ಪನವರ ಹೋಟೆಲಿನಲ್ಲಿ ಕೂರುತ್ತಿದ್ದರು. ಒಂದು ದಿನ ಜೇಮ್ಸ್ ಬೆರಳು ಮಡಿಸುತ್ತ ತಮಿಳಿನಲ್ಲಿ ಹೇಳಿದ್ದ: "ಬೈಬಲಿನಲ್ಲಿ ಇರೋದು ಒಂದೇ ಹೆಸರು. ನಿಮ್ಮ ಕನ್ನಡದಲ್ಲಿ ಯಾಕೋಬ. ಇಂಗ್ಲಿಷಿನಲ್ಲಿ ಜೇಕಬ್, ಅದೇ ಇನ್ನೊಂದು ದಾರಿ ಹಿಡಿದು ಜೇಮ್ಸ್. ಮಲಯಾಳಿಗಳು ಚಾಕೋ ಅಂತಾರೆ. ನಮ್ಮ ಬೀದಿಯ ಟೈಲರ್ ಯಾಕೂಬ್ ಭಾಯಿ. ನಮ್ಮಪ್ಪ ಯಾಗಪ್ಪನ್. ಫ್ರೆಂಚರಿಗೆ ಜಾಕ್. ಎಲ್ಲ ನಾನೇ."

ಗಲ್ಲಾದಲ್ಲಿ ಕೂತಿದ್ದ ಮೋನಪ್ಪ ಚಿಲ್ಲರೆ ಜೋಡಿಸುವುದನ್ನು ನಿಲ್ಲಿಸಿದ್ದರು. "ನಮ್ಮ ಬದಿಯಲ್ಲಿ ಜಾಕೊಬ್ ಪೊರ್ಬು ಅಂತ ಒಬ್ಬರು ಕ್ರಿಶ್ಚಿಯನ್ನರಿದ್ರು ಮಾರಾಯ್ರೆ. ಹಾಗಾದ್ರೆ ನಿಮಗೆ ಯಾವ ಊರಲ್ಲಿ ಯಾರು ಬೈದ್ರೂ ತಾಗ್ತದೆ!"

ರಚನಾ ಅದನ್ನು ತಮಿಳಿಗೆ ತಿರುಗಿಸಿ ಹೇಳಿದಾಗ ಮೂವರೂ ನಕ್ಕಿದ್ದರು. ಜೇಮ್ಸ್ ನಕ್ಕಾಗ ಅವನ ಬಲ ಮೂಗಿನ ಹೊರಳೆಯ ಮೇಲಿದ್ದ ಸಣ್ಣ ಗುಳಿ ಎದ್ದು ಕಾಣುತ್ತಿತ್ತು. ಚಿಕ್ಕಂದಿನಲ್ಲಿ ಸಿಡುಬು, ಅಂದರೆ ಅಮ್ಮ, ಎದ್ದ ಕಲೆ ಎಂದು ಅವನು ಹೇಳಿದ್ದ.

ಮೊದಲ ಮಗು ದಿನ ತುಂಬುವ ಮುಂಚೆಯೇ ಹುಟ್ಟಿತು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಉಳಿಯುವುದು ಕಷ್ಟ ಎಂದಾಗ ಆಸ್ಪತ್ರೆಯ ಒಬ್ಬ ಕ್ರಿಶ್ಚಿಯನ್ ನರ್ಸ್ ಹತ್ತಿಯಲ್ಲಿ ನೀರು ಅದ್ದಿ ಅದರ ಹಣೆಗೆ ಮುಟ್ಟಿಸಿ ಜ್ಞಾನಸ್ನಾನ ಮಾಡಿಸಿದಳು. ಹೆಸರೇನು ಎಂದು ಕೇಳಿದಾಗ ಜೇಮ್ಸ್ ಜೇಕಬ್ ಎಂದ. ರಚನಾ ಮರುದಿನ ಹೊಲಿಗೆಯ ನೋವಿನಲ್ಲಿ ಗೋಡೆ ಹಿಡಿದು ನಡೆದು ಹೋಗಿ, ಪೆಟ್ಟಿಗೆಯ ದುಂಡು ಕಂಡಿಗೆ ಬಾಯಿಟ್ಟು ಆ ಹೆಸರು ಹಿಡಿದು ಕರೆದಿದ್ದಳು. ಮಗು ಒಂದು ಪಾದ ಆಡಿಸಿತು. ಅಷ್ಟು ಸಣ್ಣ ಮಕ್ಕಳ ಕಾಲು ತಾನಾಗಿಯೇ ಆಡುತ್ತದೆ ಎಂದು ಪಕ್ಕದಲ್ಲಿದ್ದ ಇನ್ನೊಬ್ಬ ತಾಯಿ ಹೇಳಿದಳು. ರಚನಾ ಅದನ್ನು ನಂಬಲಿಲ್ಲ. ಮತ್ತೆ ಮತ್ತೆ ಕರೆದಳು. ಅವಳು ಆ ಮಗುವಿಗೆ ಹಾಲು ಕೊಡಲಿಲ್ಲ, ಅಂಗಿ ತೊಡಿಸಲಿಲ್ಲ. ಕರೆದದ್ದು ಮಾತ್ರ.

ಅದನ್ನು ಮಣ್ಣು ಮಾಡುವಾಗ ಅವಳು ವಾರ್ಡಿನಲ್ಲೇ ಇದ್ದಳು. ಮನೆಗೆ ಬಂದ ಮೇಲೆ ಯಾರೂ ಆ ಹೆಸರು ಎತ್ತಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಎತ್ತಲಿಲ್ಲ. ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅವಳು ಒಮ್ಮೊಮ್ಮೆ ತಾನೇ ಅದನ್ನು ಹೇಳಿಕೊಳ್ಳುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು. ಈಗ ದಿನ ತುಂಬಿ ಹುಟ್ಟಿದ, ಕೈ ಕಾಲು ಗುಂಡಗಿರುವ ಈ ಮಗುವನ್ನು ನೋಡಿದಾಗಲೆಲ್ಲ ಅವಳಿಗೆ ಆ ಇನ್ನೊಂದರ ಪಾದ ಕಣ್ಣಿಗೆ ಕಟ್ಟುತ್ತಿತ್ತು.

ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿದು ಒಳಗೆ ತಂದಾಗ ಜೇಮ್ಸ್ ಕೆಲಸಕ್ಕೆ ಹೊರಟು ನಿಂತಿದ್ದ. ಲೂರ್ದಮ್ಮಾಳ್ ಗಂಡನ ಮಂಚದ ಅಂಚಿನಲ್ಲಿ ಕೂತು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಜೇಮ್ಸ್ ಮಗುವಿನ ಮೇಲೆ ಬಾಗಿ ಅದರ ಕೆನ್ನೆ ಮೂಸಿದ. ಮಗುವನ್ನು ಹಿಡಿದಿದ್ದ ನಾಗರತ್ನಮ್ಮ ಅಳಿಯನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಫಾದರ್‌ಗೆ ಹೇಳಿಬಿಡಲಾ?" ಎಂದು ಜೇಮ್ಸ್ ತಮಿಳಿನಲ್ಲಿ ಕೇಳಿದ.

"ರಾಯಪ್ಪನ್ ಅಂತ ಇಡಿ, ಚಿನ್ನಪ್ಪನ್ ಅಂತ ಇಡಿ. ಪೀಟರ್, ಪಾಲ್, ಯಾವುದಾದರೂ ಆಗಲಿ. ಅದೊಂದು ಬೇಡ" ಎಂದಳು ರಚನಾ, ಅವಳೂ ತಮಿಳಿನಲ್ಲೇ.

"ರಚ್ಚು, ಅದು ಅಪ್ಪನ ಹೆಸರು. ಆ ಮಗುವಿನದಲ್ಲ. ಅವನು ಅದನ್ನ ಸ್ವಲ್ಪ ದಿನ ಇಟ್ಟುಕೊಂಡಿದ್ದ, ಅಷ್ಟೆ."

ಹೇಳಿದ ಮೇಲೆ ಅವನಿಗೇ ಆ ಮಾತು ಕೇಳಿಸಿತು. ಹತ್ತಿರ ಬಂದು ಅವಳ ಭುಜ ಹಿಡಿದ. "ಸರಿ. ಜೇಕಬ್ ಬೇಡ. ಡಿಯೇಗೋ ಇಡೋಣ. ಸ್ಪೇನ್ ಕಡೆಯವರು ಜೇಕಬ್‌ಗೆ ಹಾಗನ್ನೋದು. ಸ್ಕೂಲಿನಲ್ಲಿ ಫುಟ್‌ಬಾಲ್ ಆಡೋ ಹುಡುಗರೆಲ್ಲ ಹಿಂದೆ ಬೀಳ್ತಾರೆ ನೋಡು. ಅಪ್ಪನ ಕಿವಿಯಲ್ಲಿ ನಿಮ್ಮ ಹೆಸರೇ ಇಟ್ಟಿದೀವಿ ಅಂದರೆ ಅವರಿಗೂ ಸಮಾಧಾನ. ನಿನಗೆ ಅದು ಪೂರ್ತಿ ಬೇರೆ ಹೆಸರು."

ಚಮಚ ಯಾಗಪ್ಪನ್ ಅವರ ಹಲ್ಲಿಗೆ ತಾಗಿ ಸದ್ದಾಯಿತು. ಗಂಜಿ ಗಲ್ಲದ ಮೇಲೆ ಇಳಿಯಿತು.

"ಬೇರೆ ಹೆಸರಾ?" ಎಂದರು ಲೂರ್ದಮ್ಮಾಳ್. ಆ ದನಿಯಲ್ಲಿ ಅವರು ಮಾತಾಡಿದ್ದನ್ನು ರಚನಾ ಎಂದೂ ಕೇಳಿರಲಿಲ್ಲ.

"ಕೇಳೋದಕ್ಕೆ ಬೇರೆ ಅಮ್ಮಾ" ಎಂದು ಜೇಮ್ಸ್ ನಕ್ಕ.

ಲೂರ್ದಮ್ಮಾಳ್ ಬಟ್ಟಲು ನೆಲದ ಮೇಲಿಟ್ಟು, ಸಂತೆಯ ಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಶುಕ್ರವಾರದ ಸಂತೆಗೆ ಅವರು ಯಾವಾಗಲೂ ಬಿಸಿಲು ತಗ್ಗಿದ ಮೇಲೆ ಹೋಗುತ್ತಿದ್ದುದು. ಜೇಮ್ಸ್ ತಾಯಿಯ ಬೆನ್ನು ನೋಡುತ್ತ "ಇವರಿಗೇನಾಯ್ತು?" ಎಂದು ಹೆಲ್ಮೆಟ್ ಹಾಕಿಕೊಂಡ. ಮಾವನ ಗಲ್ಲವನ್ನು ರಚನಾ ಒರೆಸಿದಳು.

ಗಾಡಿಯ ಸದ್ದು ಬೀದಿಯ ತಿರುವು ದಾಟಿದ ಮೇಲೆ ನಾಗರತ್ನಮ್ಮ ಮಗುವನ್ನು ತೊಡೆಯ ಮೇಲೆ ತಟ್ಟುತ್ತ, "ನಿನ್ ಗಂಡ ಎಷ್ಟನೆಯೋನೇ?" ಎಂದರು.

"ಅವನೊಬ್ಬನೇ ಅಲ್ವೇನವ್ವ. ನಿಂಗೊತ್ತಿಲ್ವಾ?"

"ಒಬ್ನೇ ಅಲ್ಲ ಬುಡು. ಅವ್ನ ಮುಂಚೆ ಒಂದು ಹೋಗೈತೆ."

"ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ಬಲಮೂಗು ಚುಚ್ಚವ್ರೆ. ನಾ ಕಣ್ಣಾರೆ ಕಂಡೆ."

"ಅದು ಅಮ್ಮ ಎದ್ದಿದ್ದ ಕಲೆ ಕಣವ್ವ."

"ಅಮ್ಮನ ಕಲೆ ಮೂಗಿಗೆ ಒಂದೇ ಒಂದು ಏಳ್ತದಾ? ಮುಖವೆಲ್ಲ ಬುಟ್ಟು? ನಿನ್ ಸೋದರಮಾವ ಹರಿಹರಂಗೆ ನೋಡಿಲ್ವಾ ನೀನು? ಅವ್ನ ಮುಂಚೆ ಎರಡು ಗಂಡು ಹೋಗಿ, ಮೂರನೇದಕ್ಕೆ ನಮ್ಮವ್ವ ಮೂಗು ಚುಚ್ಚಿಸಿ, ನೆರೆಮನೆಯೋಳಿಗೆ ಒಂದು ಮೊರ ತೌಡಿಗೆ ಮಾರಿ, ಮತ್ತೆ ಇಸ್ಕೊಂಡ್ಲು. ಇದು ನಮ್ದಲ್ಲ, ಕೊಂಡ್ಕಂಡಿದ್ದು ಅಂತ ಸಾವಿಗೆ ಕಾಣ್ಲಿ ಅಂತ. ಹೋದ ಮಗೀನ ಹಿಂದೆ ಹುಟ್ಟಿದ್ದಕ್ಕಲ್ದೆ ಗಂಡುಮಗೀಗೆ ಯಾರೂ ಮೂಗು ಚುಚ್ಚಾಕಿಲ್ಲ."

ರಚನಾಳಿಗೆ ನಗಬೇಕೆನಿಸಿತು. ನಗು ಬರಲಿಲ್ಲ. ಜೇಮ್ಸ್‌ನನ್ನು ಅವನ ತಾಯಿ ಹೆಸರು ಹಿಡಿದು ಕರೆದದ್ದನ್ನು ತಾನು ಎಂದಾದರೂ ಕೇಳಿದ್ದೇನೆಯೇ ಎಂದು ನೆನಪು ಮಾಡಿಕೊಳ್ಳತೊಡಗಿದಳು. ರಾಜಾ, ಊಟಕ್ಕೆ ಬಾ. ರಾಜಾ, ಅಪ್ಪನನ್ನು ಮಗ್ಗುಲಿಗೆ ತಿರುಗಿಸು. ಫೋನಿನಲ್ಲಿ ಮಾತಾಡುವಾಗಲೂ ನನ್ನ ಮಗ ಎನ್ನುತ್ತಿದ್ದರು. ಮುದ್ದು ಎಂದುಕೊಂಡಿದ್ದಳು. ಒಬ್ಬನೇ ಮಗ.

ಲೂರ್ದಮ್ಮಾಳ್ ಹಿಂತಿರುಗಿದಾಗ ಚೀಲ ತುಂಬಿತ್ತು. ಮಂಚದ ಪಕ್ಕದಲ್ಲೇ ನೆಲದ ಮೇಲೆ ಗೋಣಿತಾಟು ಹಾಸಿ, ಭಾನುವಾರದ ಬಿರಿಯಾನಿಗೆ ತಂದ ಈರುಳ್ಳಿಯನ್ನು ಸುರಿದು ಕೊಳೆತದ್ದನ್ನು ಬೇರೆ ಮಾಡತೊಡಗಿದರು. ತೊಗಲು ವಿಂಗಡಿಸಿದ ಕೈ. ನೋಡುವ ಮೊದಲೇ ಬೆರಳಿಗೆ ತಿಳಿಯುತ್ತಿತ್ತು.

ರಚನಾ ಎದುರಿಗೆ ಕೂತಳು. "ಅತ್ತೆ, ಜೇಮ್ಸ್‌ಗೆ ಅಣ್ಣ ಇದ್ದನಾ?"

ಲೂರ್ದಮ್ಮಾಳ್ ಅವಳನ್ನು ನೋಡಲಿಲ್ಲ. ನಾಗರತ್ನಮ್ಮನವರನ್ನು ನೋಡಿದರು. "ಮೂಗು ನೋಡ್ಬಿಟ್ರಾ ಸಂಬಂಧಿಯಮ್ಮಾ?"

"ನೋಡ್ದೆ ಕಣಕ್ಕ."

"ಇಷ್ಟು ವರ್ಷ ಯಾರೂ ನೋಡಿಲ್ಲ." ಅವರು ಇನ್ನೊಂದು ಈರುಳ್ಳಿ ತೆಗೆದು ಸಿಪ್ಪೆ ಉಜ್ಜಿದರು. "ಇದ್ದ ಮ್ಮಾ. ನಮ್ಮ ಮಾವ ಹೆಸ್ರು ಇಟ್ಟಿದ್ವಿ. ಸಂತಿಯಾಗು ಅಂತ. ನಾನು ಸಂತೀ ಸಂತೀ ಅಂತ ಕೂಗೋದು. ಗೋಡೆಗೆ ಒರಗಿಸಿದ್ರೆ ಕೂತ್ಕೋತಾ ಇದ್ದ. ಮಳೆ ಟೈಮಲ್ಲಿ ಈ ಬೀದಿ ಫುಲ್ಲಾ ನೀರು. ವಾಂತಿ ಬೇದಿ ಬಂತು. ಆಸ್ಪತ್ರೆಗೆ ಎತ್ಕೊಂಡು ಓಡಿದ್ವಿ. ನೀರಲ್ಲಿ ಎಷ್ಟು ಓಡೋಕಾಗತ್ತೆ."

ಮಂಚದ ಮೇಲೆ ಯಾಗಪ್ಪನ್ ಅವರ ತಲೆ ಅಲುಗಿತು. ಆ ಕನ್ನಡದ ನಡುವೆ ಅವರಿಗೆ ತಿಳಿಯುವಂಥದ್ದು ಒಂದೇ ಒಂದು ಮಾತಿತ್ತು. ಒಳ್ಳೆಯ ಕಣ್ಣು ಹೆಂಡತಿಯ ಕಡೆ ತಿರುಗಿ ಅಲ್ಲೇ ನಿಂತಿತು.

"ಆಮೇಲೆ ಇವನು ಹುಟ್ಟಿದ. ನಮ್ಮತ್ತೆ ಅದೇ ಹೆಸ್ರು ಇಡ್ಬೇಕು ಅಂದ್ರು. ಹೆಸ್ರು ಓಡ್ಬೇಕಂತೆ, ನಿಲ್ಲಬಾರ್ದಂತೆ. ನಾನು ಅವ್ರ ಕಾಲು ಹಿಡ್ಕೊಂಡೆ. ಬೇಡ, ಅದು ನನ್ನ ಸಂತಿದು ಅಂತ. ಆಗ ಇವರು" ಎಂದು ಗಂಡನ ಕಡೆ ಗಲ್ಲ ತೋರಿಸಿದರು, "ಒಂದು ದಿನ ನಗ್ತಾ ಬಂದು, ಸರಿ ಲೂರ್ದು, ಬೇರೆ ಹೆಸ್ರು ಇಡೋಣ, ಜೇಮ್ಸ್ ಅಂತ, ಇಂಗ್ಲಿಷು, ಪೂರ್ತಿ ಬೇರೆ ಹೆಸ್ರು ಅಂದ್ರು. ನಾನು ಎಷ್ಟು ಓದಿದೀನಿ? ನಂಬ್ಕೊಂಡೆ. ಖುಷಿ ಆಗ್ಬಿಟ್ಟು ಅವತ್ತು ಇವರಿಗೆ ಮೀನು ಹುರಿದು ಹಾಕಿದೀನಿ."

ನಾಗರತ್ನಮ್ಮ ತಟ್ಟುವುದನ್ನು ನಿಲ್ಲಿಸಿದ್ದರು.

"ಜುಲೈಲಿ ಆ ಸಂತರ ಹಬ್ಬ ಬರತ್ತೆ. ಅವತ್ತು ಪೂಜೆ ಮುಗಿದ ಮೇಲೆ ಫಾದರ್ ಕರೀತಾರೆ, ಆ ಹೆಸರಿನವರೆಲ್ಲ ಮುಂದಕ್ಕೆ ಬನ್ನಿ, ಆಶೀರ್ವಾದ ಮಾಡ್ತೀನಿ ಅಂತ. ಸಂತಿಯಾಗು ಅನ್ನೋರು, ಯಾಗಪ್ಪನ್ ಅನ್ನೋರು, ಜೇಕಬ್ ಅನ್ನೋರು, ಜೇಮ್ಸ್ ಅನ್ನೋರು. ಹಂಗೇ ಒಂದೊಂದೇ ಕರೀತಾ ಇದ್ರು. ನಮ್ಮ ಮಾವ ಎದ್ರು. ಇವರು ಎದ್ರು. ನನ್ನ ಮಡಿಲಿಂದ ಮಗೂನ ಎತ್ಕೊಂಡು ಹೋದ್ರು. ಮೂರು ಜನಾನೂ ಸಾಲಲ್ಲಿ ನಿಂತ್ರು. ನಾನು ಬೆಂಚಲ್ಲಿ ಕೂತಿದೀನಿ. ಅವಾಗ ಗೊತ್ತಾಯ್ತು."

ಹೊರಗೆ ಸಂತೆ ಮುಗಿಸಿ ಹೋಗುವವರ ಆಟೋಗಳು ಹಾರ್ನ್ ಹಾಕುತ್ತಿದ್ದವು. ಕೊಳೆತ ಈರುಳ್ಳಿಯ ರಾಶಿ ಚಿಕ್ಕದಿತ್ತು. ಲೂರ್ದಮ್ಮಾಳ್ ಅದನ್ನು ಇನ್ನೊಮ್ಮೆ ಕೈಯಾಡಿಸಿ ನೋಡಿದರು.

"ಹಂಗಾಗಿ ಮೂಗು ಚುಚ್ಚಿಸಿದೆ. ಹೆಸ್ರು ಮರೆಸೋಕಾಗಲ್ಲ, ಮುಖಾನಾದ್ರೂ ಮರೆಸೋಣ ಅಂತ."

"ಜೇಮ್ಸ್‌ಗೆ ಹೇಳೇ ಇಲ್ಲವಾ?"

"ಏನಂತ ಹೇಳಲಿ? ನೀನು ಹಾಕ್ಕೊಂಡಿರೋದು ಅವನದು ಅಂತಾನಾ?" ಅವರು ಮೊದಲ ಬಾರಿಗೆ ಸೊಸೆಯ ಮುಖ ನೋಡಿದರು. "ಕೇಳು ಮ್ಮಾ. ಯಾರಾದ್ರೂ ಜೇಮ್ಸ್ ಅಂತ ಕೂಗಿದ್ರೆ ನನಗೆ ಇಬ್ರು ಬರ್ತಾರೆ. ಒಬ್ಬ ಊಟಕ್ಕೆ ಕೂರ್ತಾನೆ. ಒಬ್ಬ ಬಾಗಿಲಲ್ಲೇ ನಿಂತಿರ್ತಾನೆ. ಒಳಗೆ ಬಾ ಅನ್ನೋಕಾಗಲ್ಲ, ಹೋಗು ಅನ್ನೋಕೂ ಆಗಲ್ಲ."

"ಹಾಗಿದ್ದೂ ನೀವು ನನಗೆ..."

"ನಾನು ಇಡು ಅಂದೆನಾ? ಫಾದರ್ ಕೇಳಿದ್ರು ಅಂತ ಹೇಳಿದೆ." ಒಂದು ಈರುಳ್ಳಿಯನ್ನು ಒಳ್ಳೆಯ ರಾಶಿಗೆ ಹಾಕಿದರು. "ಇಡ್ತೀಯಾ, ಬಿಡ್ತೀಯಾ, ನಿನ್ನಿಷ್ಟ. ಬಿಟ್ರೆ ಆ ಮಗೂನ ಇನ್ನು ಯಾರೂ ಕೂಗಲ್ಲ, ಅದೂ ನೆನಪಿರಲಿ. ನನ್ನ ಸಂತಿ ಅಂದ್ರೆ ಯಾರು ಅಂತ ಇವತ್ತು ಇವರೊಬ್ರಿಗೆ ಗೊತ್ತು. ಇವರೂ ಹೋಗ್ತಾರೆ. ಆದ್ರೆ ಇಟ್ರೆ ಗೊತ್ತಿದ್ದು ಇಡು. ಬೇರೆ ಹೆಸ್ರು ಅಂತ ಯಾರ ಹತ್ರಾನೂ ಮೋಸ ಹೋಗ್ಬೇಡ. ನನ್ನ ಮಗನ ಹತ್ರಾನೂ."

ಯಾಗಪ್ಪನ್ ಗಂಟಲಿನಿಂದ ಸದ್ದು ಹೊರಡಿಸಿದರು. ಲೂರ್ದಮ್ಮಾಳ್ ಎದ್ದು ಹೋಗಿ ಅವರ ತಲೆದಿಂಬು ಸರಿಮಾಡಿದರು. ಕೈಯಲ್ಲಿದ್ದ ಈರುಳ್ಳಿ ವಾಸನೆಗೆ ಗಂಡನ ಕಣ್ಣಲ್ಲಿ ನೀರು ಬಂದಿತ್ತೋ, ಬೇರೆ ಕಾರಣಕ್ಕೋ, ಸೆರಗಿನಿಂದ ಒರೆಸಿದರು.

ಶನಿವಾರ ಜೇಮ್ಸ್ ಕೆಲಸಕ್ಕೆ ಹೋದ ಮೇಲೆ ನಾಗರತ್ನಮ್ಮ ಹೇಳಿದರು: "ಹೆಸ್ರು ಏನಾರ ಇಟ್ಕಳಿ. ಮೂಗು ಮಾತ್ರ ಚುಚ್ಚಿಸ್ದೆ ನಾನು ಊರಿಗೆ ಹೋಗಾಕಿಲ್ಲ."

ರಚನಾ ಬೇಡ ಎನ್ನುತ್ತಾಳೆಂದು ಅವರು ಕಾದರು. ಎರಡು ವರ್ಷದ ಹಿಂದೆ ಆಗಿದ್ದರೆ ಅವಳು ಇಂಥ ಮಾತಿಗೆ ಅವ್ವನ ಮೇಲೆ ರೇಗುತ್ತಿದ್ದಳು. ಈಗ ಮಗುವಿನ ಮೂಗನ್ನು ನೋಡುತ್ತ ಕೂತಳು. ಲೂರ್ದಮ್ಮಾಳ್ ಆಗಲೇ ಬೀದಿಯ ಕೊನೆಯ ಅಕ್ಕಸಾಲಿಗನಿಗೆ ಫೋನ್ ಮಾಡುತ್ತಿದ್ದರು.

ಆತ ಬಂದು ಸೂಜಿಯನ್ನು ದೀಪದ ಉರಿಗೆ ಹಿಡಿದ. ಲೂರ್ದಮ್ಮಾಳ್ ಮಗುವಿನ ತಲೆಯನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದರು. ಕೈಗಳನ್ನು ನಾಗರತ್ನಮ್ಮ ಹಿಡಿದರು. ರಚನಾ ಕಾಲು ಹಿಡಿದಳು. ಮಗುವಿನ ಬಾಯಿ ತೆರೆಯಿತು, ಮುಖ ಕೆಂಪಾಯಿತು, ಅಳು ಮಾತ್ರ ಬಹಳ ಹೊತ್ತು ಬರಲಿಲ್ಲ. ಬಂದಾಗ ಅದರ ಒಂದು ಪಾದ ಅವಳ ಮುಷ್ಟಿಯೊಳಗೆ ಒದೆಯುತ್ತಲೇ ಇತ್ತು. ಎಷ್ಟು ಶಕ್ತಿ, ಎಂದುಕೊಂಡಳು. ಕೂದಲೆಳೆಯಂಥ ಚಿನ್ನದ ತಂತಿಯನ್ನು ಸುತ್ತಿ, ಅರಿಸಿನ ಹಚ್ಚಿ, ಅಕ್ಕಸಾಲಿಗ ಹೊರಟುಹೋದ.

ಜೇಮ್ಸ್ ಮಧ್ಯಾಹ್ನ ಊಟಕ್ಕೆ ಬಂದವನು ಮಗುವನ್ನು ಎತ್ತಿಕೊಂಡ ಕೂಡಲೇ ಕಿರುಚಿದ. "ಯಾರು ಮಾಡಿದ್ದು ಇದನ್ನ? ಹುಚ್ಚಾ ನಿಮಗೆಲ್ಲ? ಇನ್‌ಫೆಕ್ಷನ್ ಆದರೆ ಯಾರು ನೋಡೋದು? ರಚ್ಚು, ನೀನು ಓದಿದವಳು..."

ಮಗುವಿನ ಬಲಗಡೆಯ ಹೊರಳೆ ಊದಿಕೊಂಡು, ತಂತಿಯ ಸುತ್ತ ಅರಿಸಿನದಲ್ಲಿ ಬೆರೆತ ರಕ್ತ ಒಣಗಿತ್ತು. ಜೇಮ್ಸ್ ಅದನ್ನು ನೋಡುತ್ತಲೇ ಇದ್ದ. ಬೈಗುಳ ನಡುವೆ ನಿಂತಿತು. ಮಗುವನ್ನು ಒಂದು ತೋಳಿಗೆ ಬದಲಿಸಿಕೊಂಡು, ಖಾಲಿಯಾದ ಕೈಯನ್ನು ನಿಧಾನವಾಗಿ ತನ್ನ ಮೂಗಿಗೆ ಒಯ್ದ. ಬೆರಳ ತುದಿ ಗುಳಿಯ ಮೇಲೆ ನಿಂತಿತು.

"ಅಮ್ಮಾ" ಎಂದ. "ನನ್ನದು ಅಮ್ಮ ಎದ್ದ ಕಲೆ ತಾನೇ?"

ಲೂರ್ದಮ್ಮಾಳ್ ತಟ್ಟೆ ಇಟ್ಟು ಅನ್ನ ಬಡಿಸಿದರು. ಅದರ ನಡುವೆ ಗುಳಿ ಮಾಡಿ ಸಾಂಬಾರು ಹಾಕಿದರು.

"ಸಾಪ್ಪಿಡು ರಾಜಾ" ಎಂದರು.

ಅವನು ಕೂತ. ಅನ್ನ ಕಲೆಸಿದ. ಬಹಳ ಹೊತ್ತು ಕಲೆಸುತ್ತಲೇ ಇದ್ದ. ಎದ್ದು ಹೋಗುವಾಗ ಮಂಚದ ಹತ್ತಿರ ನಿಂತು ಅಪ್ಪನ ಮುಖ ನೋಡಿದ. ಯಾಗಪ್ಪನ್ ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂದಿರಲಿಲ್ಲ.

ಆ ಸಂಜೆಯೆಲ್ಲ ರಚನಾ ಅವನು ಕೇಳುತ್ತಾನೆಂದು ಕಾದಳು. ಅವನು ಶಾಮಿಯಾನದವನ ಜೊತೆ ಮಾತಾಡಿದ, ಕುರ್ಚಿ ಇಳಿಸಿಕೊಂಡ, ಮೆಟ್ಟಿಲ ಬಳಿಯ ಬಲ್ಬ್ ಬದಲಾಯಿಸಿದ. ಹೆಸರಿನ ಮಾತು ಎತ್ತಲಿಲ್ಲ. ಫಾದರ್‌ಗೆ ಏನು ಹೇಳಿದೆ ಎಂದು ಅವಳೂ ಕೇಳಲಿಲ್ಲ.

ಭಾನುವಾರ ಚರ್ಚಿನಲ್ಲಿ ಫ್ಯಾನುಗಳು ತಿರುಗುತ್ತಿದ್ದವು. ಪುರಸೈವಾಕ್ಕಂನ ಅಂಗಡಿಯಿಂದ ಲೂರ್ದಮ್ಮಾಳ್ ಆರಿಸಿ ತಂದಿದ್ದ ಬಿಳಿ ಅಂಗಿ ಮಗುವಿಗೆ ದೊಡ್ಡದಾಗಿ ಪಾದದ ಕೆಳಗೂ ಇಳಿದಿತ್ತು. ಜೇಮ್ಸ್‌ನ ಚಿಕ್ಕಪ್ಪನ ಮಗ ಅರವಿಂದ್ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ನಾಗರತ್ನಮ್ಮ ಹಿಂದಿನ ಬೆಂಚಿನಲ್ಲಿ ಚಪ್ಪಲಿ ಬಿಟ್ಟು ಕಾಲು ಮೇಲೆ ಇಟ್ಟುಕೊಂಡು ಕೂತು, ಎಲ್ಲರೂ ಎದ್ದಾಗ ಏಳುತ್ತ, ಕೂತಾಗ ಕೂರುತ್ತ ಇದ್ದರು.

ನೀರಿನ ತೊಟ್ಟಿಯ ಮುಂದೆ ಪಾದ್ರಿಗಳು ತಂದೆ ತಾಯಿಯ ಕಡೆ ನೋಡಿ ತಮಿಳಿನಲ್ಲಿ ಕೇಳಿದರು. "ನಿಮ್ಮ ಮಗುವಿಗೆ ಏನು ಹೆಸರಿಡುತ್ತೀರಿ?"

ಜೇಮ್ಸ್ ಬಾಯಿ ತೆರೆದ. ತೊಟ್ಟಿಯ ಅಂಚು ಹಿಡಿದುಕೊಂಡು ತಾಯಿಯ ಕಡೆ ತಿರುಗಿದ. ಲೂರ್ದಮ್ಮಾಳ್ ನೆಲ ನೋಡುತ್ತಿದ್ದರು. ಪಾದ್ರಿಗಳು ಅವನಿಗೆ ಕೇಳಿಸಲಿಲ್ಲವೆಂದುಕೊಂಡು ಮುಗುಳ್ನಕ್ಕು ಇನ್ನೊಮ್ಮೆ ಕೇಳಿದರು. ಹಿಂದೆ ಯಾರೋ ಕೆಮ್ಮಿದರು. ಜೇಮ್ಸ್‌ನ ಕುತ್ತಿಗೆಯ ಮೇಲೆ ಬೆವರು ಇಳಿಯುವುದು ರಚನಾಳಿಗೆ ಕಾಣುತ್ತಿತ್ತು.

ಪೀಟರ್ ಎನ್ನಬಹುದಿತ್ತು. ಪಾಲ್ ಎನ್ನಬಹುದಿತ್ತು. ಈಗ ಯಾರೂ ತಡೆಯುವವರಿರಲಿಲ್ಲ. ಅವಳು ಬಾಯಿ ತೆರೆದಾಗ ಅಲ್ಲಿ ಬಂದದ್ದು ಗಾಜಿನ ಪೆಟ್ಟಿಗೆಯ ದುಂಡು ಕಂಡಿ, ಒಳಗಿನ ಬೆಚ್ಚನೆಯ ಗಾಳಿ.

"ಜೇಕಬ್" ಎಂದಳು.

ಬಹಳ ದಿನದಿಂದ ಆಡದ ಮಾತು ಅವಳು ಅಂದುಕೊಂಡಿದ್ದಕ್ಕಿಂತ ಜೋರಾಗಿ ಬಂತು. ಪಾದ್ರಿಗಳು ತಲೆಯಾಡಿಸಿ ನೀರು ತೋಡಿದರು. ಮೂಗಿನ ತಂತಿಯ ಮೇಲೆ ನೀರು ಹರಿದು ಮಗು ಚೀರಿತು. ಲೂರ್ದಮ್ಮಾಳ್ ತಲೆ ಎತ್ತಲಿಲ್ಲ, ಆದರೆ ಅವರ ಕೈ ಪಕ್ಕದಲ್ಲಿದ್ದ ಸೊಸೆಯ ಸೆರಗನ್ನು ಹಿಡಿದುಕೊಂಡಿತು. ಕೊನೆಯವರೆಗೂ ಬಿಡಲಿಲ್ಲ.

ಮನೆಗೆ ಬಂದು ಮಗುವನ್ನು ತಾತನ ಪಕ್ಕದಲ್ಲಿ ಮಲಗಿಸಿದರು. ಅವರ ಕಿವಿಯಲ್ಲಿ ಹೆಸರು ಹೇಳಬೇಕಾದವನು ಜೇಮ್ಸ್. ಅವನು ಹೊರಗೆ ಶಾಮಿಯಾನದಡಿ ನಲ್ಲಿಯ ಬಳಿ ನಿಂತು ಕೈ ತೊಳೆಯುತ್ತಿದ್ದ. ಅರವಿಂದ್ "ಜೇಮ್ಸ್!" ಎಂದು ಕರೆದ. "ಜೇಮ್ಸ್, ಫೋಟೋ!" ಎಂದು ಮತ್ತೆ ಕರೆದ. ಅವನು ತಿರುಗಲಿಲ್ಲ. ತೊಳೆದ ಕೈಯನ್ನೇ ತೊಳೆಯುತ್ತಿದ್ದ. ಕಡೆಗೆ ಲೂರ್ದಮ್ಮಾಳ್ ತಾವೇ ಬಗ್ಗಿ ಗಂಡನ ಕಿವಿಯಲ್ಲಿ ಹೇಳಿದರು, "ನಿಮ್ಮ ಹೆಸರೇ ಇಟ್ಟಿದ್ದಾರೆ." ಯಾಗಪ್ಪನ್ ಅವರ ತುಟಿಯ ಒಂದು ತುದಿ ಅಲುಗಿತು. ಅವರು ಏನೋ ಒಂದು ಹೆಸರು ಹೇಳಲು ಪ್ರಯತ್ನಿಸಿದರು. ಯಾವುದೆಂದು ಯಾರಿಗೂ ತಿಳಿಯಲಿಲ್ಲ.

ಊಟದ ಹೊತ್ತಿಗೆ ಮಗು ನಿದ್ದೆ ಹೋಯಿತು. ಬೀದಿಯಲ್ಲಿ ತಟ್ಟೆಗಳ ಸದ್ದು, ಬಿರಿಯಾನಿಯ ಹಬೆ. ರಚನಾ ತೊಟ್ಟಿಲ ಪಕ್ಕ ನೆಲದ ಮೇಲೆ ಕೂತಿದ್ದಳು. ಲೂರ್ದಮ್ಮಾಳ್ ಅವಳಿಗೆಂದು ತಟ್ಟೆ ಹಿಡಿದು ಹೊರಗಿನಿಂದ ಬಂದು ಹೊಸ್ತಿಲ ಮೇಲೆ ಕಾಲಿಟ್ಟರು. ಅಷ್ಟರಲ್ಲಿ ಅರವಿಂದನ ಮಗಳು ತೇಜು ಕಿಟಕಿಯ ಸರಳು ಹಿಡಿದು ಜೋತುಬಿದ್ದು, ಹೊಸ ಹೆಸರನ್ನು ಬಾಯಿ ತುಂಬ ಕೂಗಿದಳು.

"ಜೇಕಬ್! ಏಯ್ ಜೇಕಬ್!"

ಮಗು ಮಿಸುಕಲಿಲ್ಲ. ರಚನಾ ತಲೆ ಎತ್ತಿ ಬಾಗಿಲ ಕಡೆ ನೋಡಿದಳು.

ಲೂರ್ದಮ್ಮಾಳ್ ಅವಳು ನೋಡಿದ್ದನ್ನು ನೋಡಿದರು. ಕೈಯ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಹೊಸ್ತಿಲಿನಿಂದ ಒಂದಿಷ್ಟು ಪಕ್ಕಕ್ಕೆ ಸರಿದು, ಗೋಡೆಗೆ ಬೆನ್ನು ತಾಗಿಸಿ ದಾರಿ ಬಿಟ್ಟು ನಿಂತರು.